ತುರೈಫಾಳ ಕೆಂಡ

ಸಾಲ್ಮಿ ಮರುಭೂಮಿಯ ಮರಳಿನಲ್ಲಿ ಚಳಿಗಾಲದ ಡೇರೆಗಳು ಏಳುವ ಹೊತ್ತಿಗೆ ತುರೈಫಾಳ ಮಾತೂ ಏಳುತ್ತಿತ್ತು. ಕೆಂಡ ಅಂದರೆ ಅವಳದು. ಇದ್ದಿಲನ್ನು ಹೊರಗೆ ಹೊತ್ತಿಸಬೇಕು, ಹೊಗೆ ಪೂರ್ತಿ ಹೋಗಬೇಕು, ಒಂದು ಕರಿ ಚೂರೂ ಉಳಿಯದೆ ಎಲ್ಲ ನಿಗಿನಿಗಿ ಅನ್ನಬೇಕು. ಆಮೇಲಷ್ಟೇ ಅಗ್ಗಿಷ್ಟಿಕೆ ಡೇರೆಯೊಳಗೆ. ಅದಕ್ಕೆ ಮುಂಚೆ ತಂದವರು ಹೊಸ ಸೊಸೆಯೇ ಇರಲಿ, ಮೀಸೆ ನರೆತ ಭಾವನೇ ಇರಲಿ, ಜಾಡಿಸಿಬಿಡುತ್ತಿದ್ದಳು.

"ಮನೆಮಂದೀನೆಲ್ಲ ಹೊಗೆ ಹಾಕಿ ಸಾಯಿಸ್ಬೇಕು ಅಂತಿದ್ದೀಯೇನೇ? ಕೆಂಪಾಗ್ಲಿ ತಡಿ. ಕೆಂಪಾದ ಕೆಂಡ ಯಾರಿಗೂ ಏನೂ ಮಾಡಲ್ಲ."

ನಲವತ್ತು ಚಳಿಗಾಲ ಆ ಮಾತು ಸುಳ್ಳಾಗಲಿಲ್ಲ. ಸುತ್ತಲಿನ ಡೇರೆಗಳ ಹೆಂಗಸರೆಲ್ಲ ಅವಳನ್ನು ನೋಡಿಯೇ ಅಗ್ಗಿಷ್ಟಿಕೆ ಹಚ್ಚುವುದನ್ನು ಕಲಿತರು. ಅವಳಿಗೂ ಅದರ ಬಗ್ಗೆ ಸ್ವಲ್ಪ ಜಂಬವಿತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಆ ವರ್ಷಗಳಲ್ಲಿ ಅವಳು ಇದ್ದದ್ದು ತಾನೂ ಅಕ್ಕ ನುವೈರ್‌ಳೂ ಸೇರಿ ಆಡಿನ ಕೂದಲಿನಿಂದ ನೇಯ್ದ ಕಪ್ಪು ಡೇರೆಯಲ್ಲಿ. ಮಧ್ಯಾಹ್ನ ಅದರೊಳಗೆ ಕೂತು ತಲೆಯೆತ್ತಿದರೆ ನೇಯ್ಗೆಯ ಸಂದಿಗಳಲ್ಲಿ ಬಿಸಿಲು ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಆ ಸಂದಿಗಳ ಕಡೆಗೆ ಯಾರೂ ಗಮನ ಕೊಟ್ಟವರಲ್ಲ.

ಡೇರೆ ಹಳತಾಯಿತು. ಮಗ ದೈದಾನ್ ಜಹ್ರಾ ಪೇಟೆಯ ಅಂಗಡಿಯಿಂದ ಹೊಸದು ತಂದ. ಒಳಗೆ ಹೂವಿನ ಬಟ್ಟೆಯ ಪದರ, ಅದರ ಹಿಂದೆ ಪ್ಲಾಸ್ಟಿಕ್, ಬಾಗಿಲಿಗೆ ಎರಡು ಜಿಪ್. "ಒಂದು ಚೂರು ಗಾಳಿ ನುಗ್ಗಲ್ಲ ಅಮ್ಮಾ" ಅಂದ. ತುರೈಫಾ ಖುಷಿಪಟ್ಟಳು. ಅಕ್ಕನಿಗೆ ಆ ವರ್ಷ ಮಂಡಿನೋವು, ಚಳಿ ತಡೆಯುತ್ತಿರಲಿಲ್ಲ.

ಆ ಮಧ್ಯಾಹ್ನ ಉತ್ತರದ ಗಾಳಿ ಮರಳೆತ್ತಿ ಹೊಡೆಯುತ್ತಿತ್ತು. ಗಂಡಸರು ಒಂಟೆಗಳ ಹಿಂದೆ ಹೋಗಿದ್ದರು. ತುರೈಫಾ ಹೊರಗೆ ಮರೆಯಲ್ಲಿ ಕೂತು ಇದ್ದಿಲು ಹೊತ್ತಿಸಿ, ಹೊಗೆಯ ಒಂದೆಳೆಯೂ ಇಲ್ಲದಂತೆ ಕೆಂಪಾಗಿಸಿ, ತಾನೇ ಎತ್ತಿ ತಂದು ಅಕ್ಕನ ಮುಂದಿಟ್ಟಳು. ಕಾಫಿ ಕುಡಿದರು, ಖರ್ಜೂರ ತಿಂದರು.

"ಯಾಕೋ ತಲೆ ಸಿಡೀತಿದೆ ಕಣೇ" ಅಂದಳು ನುವೈರ್.

"ಇನ್ನೊಂದು ಲೋಟ ಕುಡಿ, ಸರಿಹೋಗುತ್ತೆ. ನಿಂಗೆ ಕೆಲಸ ಹೇಳಿದಾಗ್ಲೆಲ್ಲ ತಲೆನೋವು."

ಅಕ್ಕ ನಕ್ಕಳು. ತುರೈಫಾ ರೊಟ್ಟಿಗೆ ಹಿಟ್ಟು ನಾದಲು ಅಡುಗೆ ಡೇರೆಗೆ ಹೋದಳು. ಬಂದು ನೋಡಿದರೆ ನುವೈರ್ ದಿಂಬಿಗೆ ಒರಗಿ ಮಲಗಿದ್ದಳು, ಕೆನ್ನೆ ಚಿಕ್ಕ ಹುಡುಗಿಯ ಹಾಗೆ ಕೆಂಪಾಗಿತ್ತು. ಬೆಚ್ಚಗೆ ಮಲಗಿದ್ದಾಳೆ ಅಂದುಕೊಂಡು ತುರೈಫಾ ಕಂಬಳಿ ಹೊದಿಸಿದಳು. ಹೊರಗೆ ಬರುವಾಗ ಗಾಳಿ ತಾಗದಿರಲಿ ಎಂದು ಎರಡೂ ಜಿಪ್ ಕೊನೆಯವರೆಗೆ ಎಳೆದಳು.

ಸಂಜೆ ಎಬ್ಬಿಸಲು ಹೋದರೆ ನುವೈರ್ ಏಳಲಿಲ್ಲ. ಆಸ್ಪತ್ರೆಯ ಡಾಕ್ಟರು ಇದ್ದಿಲಿನಿಂದ ಜೀವ ಹೋಯಿತು ಅಂದರು. ಹೊಗೆ ಇರಲಿಲ್ಲವಲ್ಲ ಎಂದು ತುರೈಫಾ ಮೆಲ್ಲಗೆ ಕೇಳಿದಳು. "ಹೊಗೆ ಕಣ್ಣಿಗೆ ಕಾಣುತ್ತೆ ಅಮ್ಮಾ. ಸಾಯಿಸೋ ಗಾಳಿ ಕಾಣಲ್ಲ, ವಾಸನೇನೂ ಬರಲ್ಲ. ಕೆಂಡ ಎಷ್ಟು ಕೆಂಪಗಿದ್ರೂ ಅದು ಬರ್ತಾನೇ ಇರುತ್ತೆ" ಅಂದರು. ಆಗ ಅವಳಿಗೆ ಹಳೆ ಡೇರೆಯ ಸಂದಿಗಳು ನೆನಪಾದವು. ನಲವತ್ತು ವರ್ಷ ಮನೆಮಂದಿಯನ್ನು ಕಾದದ್ದು ಅವಳ ಜಾಣತನ ಅಲ್ಲ, ಆ ತೂತುಗಳು.

ಸಾವಿನ ಮನೆಗೆ ಬಂದವರು ಒಂದು ಮಾತು ಕಟ್ಟಿದರು. ಪಾಪ, ನುವೈರ್‌ಗೆ ಅವಸರ, ಹೊಗೆಯಾಡುವ ಇದ್ದಿಲನ್ನೇ ಒಳಗೆ ತಂದಿರಬೇಕು. ತುರೈಫಾ ಅಲ್ಲೇ ಇದ್ದಿದ್ದರೆ ಬಿಡುತ್ತಿದ್ದಳೇ? ತುರೈಫಾ ಕಾಫಿ ಬಗ್ಗಿಸುತ್ತ ಅದನ್ನು ಕೇಳಿಸಿಕೊಂಡಳು. ಬಾಯಿ ಬಿಡಲಿಲ್ಲ. ಸತ್ತ ಅಕ್ಕನ ತಲೆಗೆ ತಪ್ಪು ಕಟ್ಟಿದರು, ತಂಗಿಯ ಹೆಸರು ಇನ್ನಷ್ಟು ಏರಿತು. ಈ ಕಥೆ ಹೇಳುವ ನನಗೆ ಅವಳ ಮೇಲೆ ಎಷ್ಟೇ ಅಕ್ಕರೆ ಇದ್ದರೂ ಆ ಮೌನವನ್ನು ಇವತ್ತಿಗೂ ಒಪ್ಪಲು ಆಗುವುದಿಲ್ಲ.

ಮುಂದಿನ ಚಳಿಗಾಲ ನುವೈರ್‌ಳ ಮಗಳು ಅನೂದ್ ಹತ್ತಿರದಲ್ಲೇ ಡೇರೆ ಹಾಕಿದಳು. ಕಂಕುಳಲ್ಲಿ ಐದು ತಿಂಗಳ ಹೆಣ್ಣುಕೂಸು, ಅದಕ್ಕೆ ಅಜ್ಜಿಯದೇ ಹೆಸರು. ಒಂದು ಮಧ್ಯಾಹ್ನ ತುರೈಫಾ ನೋಡಲು ಹೋದಳು. ಜಿಪ್ ತೆಗೆದು ಒಳಗೆ ಕಾಲಿಟ್ಟರೆ ಮಗುವಿನ ತೊಟ್ಟಿಲಿನ ಪಕ್ಕದಲ್ಲೇ ಅಗ್ಗಿಷ್ಟಿಕೆ.

"ನೋಡಿ ಚಿಕ್ಕಮ್ಮ, ಒಂದೆಳೆ ಹೊಗೆ ಇದೆಯಾ?" ಅನೂದ್ ಹೆಮ್ಮೆಯಿಂದ ಕೇಳಿದಳು. "ನೀವು ಹೇಳ್ಕೊಟ್ಟ ಹಾಗೇ ಮಾಡಿದೀನಿ. ಅಮ್ಮ ಮಾಡಿದ ತಪ್ಪು ನಾನು ಮಾಡಲ್ಲ."

ತುರೈಫಾ ಅಂದಳು, "ಸೆಕೆ ಆಗ್ತಿದೆ, ಅದನ್ನ ಹೊರಗಿಡು."

"ಈ ಚಳೀಲಿ ಸೆಕೆನಾ? ವಯಸ್ಸಾಯ್ತು ನಿಮ್ಗೆ. ಕೂತ್ಕೊಳಿ, ನಂಗೂ ಸ್ವಲ್ಪ ತಲೆ ಸುತ್ತಿದ ಹಾಗಿದೆ, ಇಬ್ರೂ ಕಾಫಿ ಕುಡಿಯೋಣ."

ತುರೈಫಾ ಮಗುವನ್ನು ಬಾಚಿ ಎತ್ತಿಕೊಂಡು ಹೊರಗೆ ಓಡಿದಳು. ಅನೂದ್ ಗಾಬರಿಯಾಗಿ ಹಿಂದೆಯೇ ಬಂದಳು. ತಣ್ಣನೆ ಗಾಳಿಗೆ ಮಗು ಚೀರತೊಡಗಿತು. ಇವತ್ತೇನೋ ನೆಪ ಹೇಳಿ ಕೆಂಡ ಹೊರಗೆ ಹಾಕಿಸಬಹುದು, ನಾಳೆ? ತಾನು ಅತ್ತ ಹೋದ ಕೂಡಲೇ ಇವಳು ಮತ್ತೆ ಕೆಂಪಾಗಿಸಿ ತರುತ್ತಾಳೆ, ಚಿಕ್ಕಮ್ಮನ ಮೇಲಿನ ನಂಬಿಕೆಯಿಂದಲೇ ತರುತ್ತಾಳೆ. ಆ ನಂಬಿಕೆಯನ್ನೇ ಮುರಿಯದೆ ಈ ಕೂಸು ಉಳಿಯುವ ಹಾಗಿರಲಿಲ್ಲ.

"ನಿಮ್ಮಮ್ಮ ಹೊಗೆಯಾಡೋ ಇದ್ದಿಲು ತರ್ಲಿಲ್ಲ ಅನೂದ್. ತಂದೋಳು ನಾನು. ಇದೇ ಥರ ಕೆಂಪಗಿತ್ತು, ಹೊಗೆ ಇರ್ಲಿಲ್ಲ. ತಲೆನೋವು ಅಂದ್ಳು, ನಾನು ತಮಾಷೆ ಮಾಡ್ದೆ. ಮಲಗಿದ್ದಾಳೆ ಅಂದ್ಕೊಂಡು ಕಂಬಳಿ ಹೊದಿಸಿ ಬಾಗಿಲು ಹಾಕಿ ಹೋದೆ."

ಅನೂದ್ ತೆರೆದ ಬಾಗಿಲಿನಿಂದ ಕಾಣುವ ಕೆಂಡದ ಕಡೆ ತಿರುಗಿ ನೋಡಿದಳು. ಆಮೇಲೆ ಹೇಳಿದಳು, "ವರ್ಷದಿಂದ ಎಲ್ರೂ ಅಮ್ಮನ್ನೇ ಅಂತಿದ್ರು. ನಾನೂ ಅಂದೆ. ನೀವು ಕೂತು ಕೇಳ್ತಾ ಇದ್ರಿ."

"ಹೌದು."

ಅನೂದ್ ಮಗುವನ್ನು ಕಿತ್ತುಕೊಂಡಳು. "ಹೋಗಿ ಚಿಕ್ಕಮ್ಮ" ಅಂದಳು.

ಆ ವಾರ ತುರೈಫಾ ಒಂದೊಂದೇ ಡೇರೆಗೆ ಹೋಗಿ, ಕೂತು, ಇದೇ ಮಾತನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಕೆಲವರು ಅತ್ತರು. ಕೆಲವರು ಅವಳ ಮುಖಕ್ಕೇ ಛೀ ಅಂದರು. "ನಲವತ್ತು ವರ್ಷ ಕೆಂಡ ಹೊತ್ತು ಈಗ ಬುದ್ಧಿ ಬಂತಾ?" ಎಂದು ಹಂಗಿಸಿದವರೂ ಮರುದಿನ ಅಗ್ಗಿಷ್ಟಿಕೆಯನ್ನು ಹೊಸ್ತಿಲಾಚೆ ಇಟ್ಟರು.

ಅನೂದ್ ಇನ್ನೂ ಅವಳ ಹತ್ತಿರ ಮಾತಾಡುವುದಿಲ್ಲ. ದಿನಾ ಮಧ್ಯಾಹ್ನ ತುರೈಫಾ ಆ ಡೇರೆಯ ಮುಂದೆ ಹಾದುಹೋಗುತ್ತಾಳೆ. ಬಾಗಿಲು ಎತ್ತಿ ಕಟ್ಟಿರುತ್ತದೆ, ಅಗ್ಗಿಷ್ಟಿಕೆ ಹೊರಗೆ ಮರಳಲ್ಲಿ ಕೂತಿರುತ್ತದೆ. ಒಳಗೆ ಅನೂದ್ ಮಗುವನ್ನು ಕರೆಯುತ್ತಾಳೆ, "ನುವೈರ್! ಎಲ್ಲೇ ನುವೈರ್?" ಮಗು ಕೇಕೆ ಹಾಕುತ್ತದೆ. ಅದು ಕೇಳಿಸುವವರೆಗೆ ನಿಂತಿದ್ದು, ತುರೈಫಾ ತನ್ನ ಡೇರೆಗೆ ಹೊರಡುತ್ತಾಳೆ.