ಮ್ಯೂಸಿಯಂನ ಖಾಲಿ ತೊಟ್ಟಿಲು

ಗೆಳೆಯರೇ, ಇವತ್ತು ಮಣಿಪಾಲದ ಒಂದು ಮ್ಯೂಸಿಯಂನಲ್ಲಿ, ಎಸಿಯ ತಂಪಿನಲ್ಲಿ ನಿಂತು ಬೆವರಿದೆ. ಹೆದರಿಸಿದ್ದು ಒಂದು ಹಳೇ ಮರದ ತೊಟ್ಟಿಲು.

ಹಿಂದಿನ ಕಾಲದ ಮನೆ ಸಾಮಾನು ನೋಡಬೇಕೆಂದು ಅತ್ತೆಗೆ ಆಸೆ. ಸೇರು, ಚಿಮಿಣಿ ದೀಪ, ಕಾಯಿ ತುರಿಯುವ ಮಣೆ ನೋಡುತ್ತಾ "ಇದು ನಮ್ಮಲ್ಲೂ ಇತ್ತು ಮಾರಾಯ್ತಿ" ಎಂದು ಖುಷಿಯಲ್ಲಿದ್ದರು. ತೊಟ್ಟಿಲ ಮುಂದೆ ಬಂದದ್ದೇ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಖಾಲಿ ತೊಟ್ಟಿಲು, ಯಾರೂ ಮುಟ್ಟದೆ ಮೆಲ್ಲನೆ ತೂಗುತ್ತಿತ್ತು. ನನಗೀಗ ಏಳು ತಿಂಗಳು. ಹೋದ ಸಲದ್ದು ಉಳಿದಿರಲಿಲ್ಲ.

ಅತ್ತೆ ಅದನ್ನು ನಿಲ್ಲಿಸಲು ಕೈ ಚಾಚಿದರು. ಕಾವಲಿಗಿದ್ದ ಹೆಂಗಸು ಓಡಿ ಬಂದರು. "ಅಮ್ಮ, ಮುಟ್ಟಬಾರದು. ಬೋರ್ಡ್ ಉಂಟಲ್ಲ."

"ಖಾಲಿ ತೊಟ್ಟಿಲು ತೂಗಿದ್ರೆ ಮಗುವಿಗೆ ಆಗುದಿಲ್ಲ, ನಿಮಗೆ ಗೊತ್ತಿಲ್ವಾ?"

"ಅದು ಎಸಿ ಗಾಳಿಗೆ ಅಮ್ಮ."

ನಾನೂ ಅದನ್ನೇ ಹೇಳಬೇಕೆಂದಿದ್ದೆ. ಆದರೆ ಕೈ ಹೊಟ್ಟೆಯ ಮೇಲೆ ಹೋಗಿತ್ತು. ಬೆಳಿಗ್ಗೆಯಿಂದ ಮಗು ಒಮ್ಮೆಯಾದರೂ ಒದ್ದಿದೆಯೇ ಎಂದು ನೆನಪಿಗೇ ಬರಲಿಲ್ಲ.

ಆ ಹೆಂಗಸು ನನ್ನ ಹೊಟ್ಟೆ ನೋಡಿದರು, ಆಮೇಲೆ ಆಚೀಚೆ ನೋಡಿದರು. ಪಕ್ಕದಲ್ಲೇ ಪ್ರದರ್ಶನಕ್ಕಿಟ್ಟಿದ್ದ ಅರೆಯುವ ಕಲ್ಲಿನ ಗುಂಡನ್ನು ಎತ್ತಿ ತಂದರು. ನಾಮಕರಣದ ದಿನ ಮಗುವಿಗಿಂತ ಮೊದಲು ಕಲ್ಲನ್ನು ಮಲಗಿಸುತ್ತಾರಲ್ಲ, ಹಾಗೆಯೇ ಅದನ್ನು ತೊಟ್ಟಿಲಲ್ಲಿ ಮಲಗಿಸಿದರು.

"ಈಗ ಖಾಲಿ ಅಲ್ಲ. ನೀವು ಹೊರಡಿ, ಸಾರ್ ಬರುವ ಹೊತ್ತಾಯ್ತು."

ತೊಟ್ಟಿಲು ನಿಂತಿತು.

ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ. ಆದರೂ ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ, ತೊಟ್ಟಿಲಲ್ಲಿ ಕಲ್ಲು ಯಾಕೆಂದು ಆಫೀಸಿನವರನ್ನು ದಯವಿಟ್ಟು ಕೇಳಬೇಡಿ. ಇನ್ನೆರಡು ತಿಂಗಳು ಅದು ಅಲ್ಲೇ ಮಲಗಿರಲಿ.