ಸಿಳ್ಳೆ ಮತ್ತು ಸೀಸೆ

ಉಸ್ತಾದರ ಕೆಳದುಟಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಸೀಳಿತ್ತು. ಹರೆಯದಲ್ಲಿ ಕುದುರೆಯೊಂದು ತಲೆ ಕೊಡವಿದಾಗ ಆದದ್ದಂತೆ. ಆ ಸೀಳಿನಿಂದ ಹೊರಡುತ್ತಿದ್ದ ಸಿಳ್ಳೆ ಟಾಕೀಸಿನಲ್ಲಿ ಕೇಳುವಂಥದ್ದಲ್ಲ. ಬಾಗಿಲ ಸಂದಿಯಲ್ಲಿ ಗಾಳಿ ನುಸುಳಿದ ಹಾಗೆ ಸಣ್ಣಗೆ, ಉದ್ದಕ್ಕೆ, ಇಳಿದಿಳಿದು ಹೋಗುವ ಸದ್ದು. ನಮ್ಮ ಕೈಗೆ ಪಟ್ಟಿ ಸುತ್ತುವಾಗಲೂ ಅದೇ, ಹತ್ತಿ ಬಿಡಿಸುವಾಗಲೂ ಅದೇ.

ಅವರ ಊರು ಕುಣಿಗಲ್. ಚಿಕ್ಕಂದಿನಲ್ಲಿ ರೇಸು ಕುದುರೆಗಳ ಲಾಯದಲ್ಲಿ ಚಾಕರಿ ಮಾಡಿದವರು. ಅಲ್ಲೇ ಒಬ್ಬ ಹಳೆಯ ಸಿಪಾಯಿಯಿಂದ ಬಾಕ್ಸಿಂಗ್ ಕಲಿತರು. ನಾನು ಕಾಣುವ ಹೊತ್ತಿಗೆ ತುಮಕೂರಿನಲ್ಲಿ ಹಾಸಿಗೆ ಹೊಲಿಯುವ ಅಂಗಡಿ ಇಟ್ಟಿದ್ದರು. ಮುಂದೆ ಹತ್ತಿಯ ರಾಶಿ, ಹಿಂದೆ ತಗಡಿನ ಶೆಡ್ಡು. ಶೆಡ್ಡಿನ ತೊಲೆಗೆ ನಾಲ್ಕು ಚೀಲ ನೇತುಹಾಕಿದ್ದರು, ಒಳಗೆ ರಾಗಿ ಹೊಟ್ಟು ಮತ್ತು ಅಂಗಡಿಯಲ್ಲಿ ಉಳಿದ ಹತ್ತಿ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗುಬ್ಬಿಯಿಂದ ಬೆಳಗಿನ ರೈಲು ಹತ್ತಿ ಬಂದು ಆ ಚೀಲಗಳಿಗೆ ಗುದ್ದುತ್ತಿದ್ದೆ.

ಉಸ್ತಾದರು ಕೂತದ್ದನ್ನು ನಾವು ನೋಡಿದ್ದೇ ಕಡಿಮೆ. ಕಟ್ಟಿಹಾಕಿದ ಕುದುರೆಯ ಹಾಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಲೇ ಇರುವರು. ಟೀ ಕುಡಿಯುವುದೂ ನಡೆದಾಡುತ್ತಲೇ. ಹೀಗೆ ನಿಂತೂ ನಿಂತೂ ಪಾದ ಊದಿಕೊಂಡು, ಡಾಕ್ಟರು ಮೈಯ ನೀರು ಇಳಿಸುವ ಮಾತ್ರೆ ಬರೆದುಕೊಟ್ಟಿದ್ದರು. ಆ ಮಾತ್ರೆಪಟ್ಟಿ ಯಾವಾಗಲೂ ಅಂಗಿಯ ಜೇಬಿನಲ್ಲಿ, ಹೊಲಿಗೆ ಸೂಜಿಗಳ ಪಕ್ಕ.

ಸಿಳ್ಳೆಯ ಗುಟ್ಟನ್ನು ಒಂದು ದಿನ ಅವರೇ ಹೇಳಿದರು. ರೇಸು ಮುಗಿದ ಮೇಲೆ ಗೆದ್ದ ಕುದುರೆಯ ಉಚ್ಚೆ ಹಿಡಿದು ಪರೀಕ್ಷೆಗೆ ಕಳಿಸಬೇಕು, ಯಾರಾದರೂ ಮದ್ದು ಹಾಕಿದ್ದಾರೋ ಏನೋ ಅಂತ.

"ಅದಕ್ಕೆ ಹೇಳಿದ್ರೆ ತಿಳೀತದೇನ್ಲಾ? ಮರಿಯಾಗಿದ್ದಾಗ್ಲಿಂದ ಅದು ಉಯ್ಯೋವಾಗೆಲ್ಲ ಸಿಳ್ಳೆ ಹಾಕಿ ಅಭ್ಯಾಸ ಮಾಡ್ಸಿರ್ತೀವಿ. ಆಮೇಲೆ ಸಿಳ್ಳೆ ಕೇಳ್ತಿದ್ದಂಗೇ ಬುಡ್ತದೆ."

ಮದ್ದು ಅಂದರೆ ಅವರಿಗೆ ಮೈ ಉರಿಯುತ್ತಿತ್ತು. ನಮ್ಮಲ್ಲೆಲ್ಲ ಚೆನ್ನಾಗಿ ಹೊಡೆಯುತ್ತಿದ್ದವನೊಬ್ಬನ ಬ್ಯಾಗಿನಲ್ಲಿ ಒಮ್ಮೆ ಸಿರಿಂಜು ಸಿಕ್ಕಿತು. ಉಸ್ತಾದರು ಅವನ ಗ್ಲೌಸಿನ ದಾರವನ್ನು ಹಾಸಿಗೆ ಕತ್ತರಿಯಿಂದ ಕಚಕ್ಕೆಂದು ಕತ್ತರಿಸಿ, "ನಿನ್ ಕೈ ಹೊಡೀತಿಲ್ಲ ಕಣೋ, ಸೂಜಿ ಹೊಡೀತಾ ಐತೆ. ಸೂಜಿನೇ ಬೇಕಾದ್ರೆ ನನ್ ಅಂಗ್ಡೀಲಿ ಬೇಕಾದಷ್ಟವೆ, ಕೂತ್ಕೊಂಡು ಹಾಸ್ಗೆ ಹೊಲಿ" ಅಂದರು. ಅವನು ಮತ್ತೆ ಬರಲಿಲ್ಲ.

ಅದಾಗಿ ಎರಡು ವರ್ಷಕ್ಕೆ ತುಮಕೂರಿನ ಒಂದು ಕಲ್ಯಾಣ ಮಂಟಪದಲ್ಲಿ ಪ್ರೊಫೆಷನಲ್ ಬಾಕ್ಸಿಂಗ್ ಏರ್ಪಾಡಾಯಿತು. ನನಗದು ಮೊದಲ ಪಂದ್ಯ. ಗೆದ್ದರೆ ಮುಂಬಯಿಯಲ್ಲಿ ದೊಡ್ಡ ಪಂದ್ಯಕ್ಕೆ ಕರೆಸುತ್ತೇವೆ ಅಂದಿದ್ದರು. ಅದೇ ಸಂಘಟಕರ ಹಿಂದಿನ ಪಂದ್ಯದಲ್ಲಿ ಒಬ್ಬ ಕಣ್ಣು ಕೆಂಪಗೆ ಮಾಡಿಕೊಂಡು ಎದುರಾಳಿಯ ದವಡೆ ಮುರಿದಿದ್ದ. ಏನೋ ತಗೊಂಡೇ ಬಂದಿದ್ದ ಅಂತ ಗುಲ್ಲಾಗಿತ್ತು. ಹಾಗಾಗಿ ಈ ಸಲ ಪೋಸ್ಟರಿನಲ್ಲೇ 'ಡೋಪ್ ಟೆಸ್ಟ್ ಕಡ್ಡಾಯ' ಅಂತ ಅಚ್ಚು ಹಾಕಿಸಿದ್ದರು. ಪರೀಕ್ಷೆಯ ಜಾಗ ಮಂಟಪದ ವಧುವಿನ ಕೋಣೆ.

ಬೆಳಗ್ಗೆ ತೂಕ, ಸಂಜೆ ಪಂದ್ಯ. ನಮ್ಮ ತೂಕವನ್ನೆಲ್ಲ ಉಸ್ತಾದರು ನೋಡುತ್ತಿದ್ದದ್ದು ಅಂಗಡಿಯ ಹತ್ತಿ ತಕ್ಕಡಿಯಲ್ಲಿ. ಒಂದು ತಟ್ಟೆಯಲ್ಲಿ ನಾನು ಮಂಡಿ ಮಡಚಿ ಕೂತರೆ ಇನ್ನೊಂದರಲ್ಲಿ ಕಲ್ಲುಗಳು. ಆ ತಕ್ಕಡಿಯ ಮೇಲೆ ಅವರಿಗೆ ಎಲ್ಲಿಲ್ಲದ ನಂಬಿಕೆ. ಆದರೆ ಸಂಘಟಕರ ಮೆಷಿನ್ನು ಮುಕ್ಕಾಲು ಕಿಲೋ ಹೆಚ್ಚು ತೋರಿಸಿತು. ಎರಡು ಗಂಟೆ ಟೈಮ್ ಕೊಟ್ಟರು.

ಉಸ್ತಾದರು ಅಂಗಡಿಯಿಂದ ರಜಾಯಿ ತರಿಸಿ ನನಗೆ ಸುತ್ತಿ, ಮಂಟಪದ ಹಿಂದೆ ಒಲೆಗಳ ಪಕ್ಕ ಹಗ್ಗ ಹಾರಿಸಿದರು. ನನಗಿಂತ ಹೆಚ್ಚು ಅವರೇ ಓಡಾಡಿದರು. ಅರ್ಧ ಕಿಲೋ ಇಳಿಯಿತು, ಉಳಿದದ್ದು ಜಪ್ಪಯ್ಯ ಅನ್ನಲಿಲ್ಲ. ಆಗ ಜೇಬಿನಿಂದ ಮಾತ್ರೆಪಟ್ಟಿ ತೆಗೆದು, ಒಂದನ್ನು ಎರಡು ತುಂಡು ಮಾಡಿ, ಅರ್ಧ ನನ್ನ ಅಂಗೈಗಿಟ್ಟರು.

"ಉಸ್ತಾದ್, ಇದು..."

"ಜೋಶ್ ಬರೋದಲ್ಲ ಕಣೋ, ಬರೀ ನೀರು ಹೋಗೋದು. ನುಂಗು."

ನುಂಗಿದೆ. ತೂಕ ಸರಿಹೋಯಿತು.

ಮಧ್ಯಾಹ್ನ ಅವರು ನನಗೆ ಗಂಜಿ ತರಲು ಹೋದಾಗ ಪಂದ್ಯದ ಡಾಕ್ಟರು ಒಂದು ಫಾರಂ ಕೊಟ್ಟರು. ಕಳೆದ ಏಳು ದಿನದಲ್ಲಿ ತೆಗೆದುಕೊಂಡ ಔಷಧಿಗಳನ್ನು ಬರೆಯಬೇಕು. ಯಾವುದೆಲ್ಲ ನಿಷಿದ್ಧ ಅಂತ ಪುಸ್ತಕ ನೋಡಿ ನಮಗೆಲ್ಲ ಓದಿ ಹೇಳಿದರು. ನಡುವೆ ಎಲ್ಲೋ 'ಮೈಯ ನೀರು ಇಳಿಸುವ ಮಾತ್ರೆಗಳು' ಅಂತ ಬಂತು. ನನ್ನ ಪೆನ್ನು ಒಂದು ಕ್ಷಣ ನಿಂತಿತು. ಅರ್ಧ ಮಾತ್ರೆ ತಾನೇ ಅಂದುಕೊಂಡು 'ಯಾವುದೂ ಇಲ್ಲ' ಅಂತ ಬರೆದು ಸಹಿ ಹಾಕಿದೆ. ಉಸ್ತಾದರಿಗೆ ಹೇಳಲಿಲ್ಲ.

ನಾಲ್ಕು ರೌಂಡಿನ ಪಂದ್ಯ. ಮೂರನೆಯದರಲ್ಲಿ ಬೆಂಗಳೂರಿನ ಎದುರಾಳಿಯನ್ನು ಒಮ್ಮೆ ಕೆಡವಿದೆ. ಪಾಯಿಂಟಿನ ಮೇಲೆ ಗೆದ್ದೆ. ಊರಿನ ಜನ ಹೆಗಲ ಮೇಲೆ ಹೊತ್ತು ತಂದು ವಧುವಿನ ಕೋಣೆಯ ಮುಂದೆ ಇಳಿಸಿದರು. ಒಳಗೆ ಡಾಕ್ಟರು ಕೊಟ್ಟ ಸೀಸೆ ಹಿಡಿದು ನಿಂತರೆ ಒಂದು ತೊಟ್ಟೂ ಇಲ್ಲ. ಮೈಯಲ್ಲಿದ್ದ ನೀರೆಲ್ಲ ಬೆಳಗ್ಗೆಯೇ ಹೋಗಿತ್ತು. ಮೂರು ಚೊಂಬು ನೀರು ಕುಡಿದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಉಸ್ತಾದರು ಬಾಗಿಲಿಗೆ ಒರಗಿ ತುಟಿ ಮುಂದೆ ಮಾಡಿದರು. ಆ ಸಣ್ಣ ಸದ್ದು ಇಳಿದಿಳಿದು ಬಂತು, ಸೀಸೆ ತುಂಬಿತು. ಡಾಕ್ಟರು ನಕ್ಕುಬಿಟ್ಟರು.

ಸೀಸೆಗೆ ಚೀಟಿ ಅಂಟಿಸುತ್ತಾ ಅವರು ಮಾತಿಗೆ ಹೇಳಿದರು: "ಈಗೆಲ್ಲ ಹೆಚ್ಚು ಸಿಕ್ಕಿಬೀಳೋದು ನೀರಿನ ಮಾತ್ರೆ ತಗೊಂಡೋರೇ ನೋಡಿ. ಬೇರೆ ಮದ್ದನ್ನ ಅದು ತೊಳೆದುಬಿಡುತ್ತೆ. ಅದಕ್ಕೇ ಅದೂ ರೂಲ್ಸಲ್ಲಿ ಬಂದಿದೆ."

ಉಸ್ತಾದರ ಕಾಲುಗಳು ನಿಂತವು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರು ಜೇಬಿನಿಂದ ಮಾತ್ರೆಪಟ್ಟಿ ತೆಗೆದು ಮೇಜಿನ ಮೇಲಿಟ್ಟರು.

"ನಾನೇ ಕೊಟ್ಟಿದ್ದು ಸಾರ್, ಅರ್ಧ. ಹುಡ್ಗನಿಗೆ ಏನೂ ಗೊತ್ತಿಲ್ಲ."

ಗೆಲುವು ಅಳಿಸಿಹೋಯಿತು. ತಿಳಿಯದೆ ಆದದ್ದು ಅಂತ ನನಗೆ ಆರೇ ತಿಂಗಳು ನಿಷೇಧ. ಉಸ್ತಾದರು ಇನ್ನು ಯಾವತ್ತೂ ಆಟಗಾರನ ಬೆನ್ನಿಗೆ ರಿಂಗಿನ ಮೂಲೆಯಲ್ಲಿ ನಿಲ್ಲುವಂತಿಲ್ಲ ಅಂತಾಯಿತು. ಊರಲ್ಲಿ ಅದಕ್ಕೆ ಬಾಲ ಬೆಳೆಯಿತು. "ಹಾಸ್ಗೆ ಅಂಗ್ಡಿಯೋನು ಹುಡುಗ್ರಿಗೆ ಕುದ್ರೆ ಇಂಜೆಕ್ಷನ್ ಹಾಕ್ತಿದ್ನಂತೆ" ಅಂದರು ಟೀ ಅಂಗಡಿಗಳಲ್ಲಿ. ಕಲಿಯುವ ಹುಡುಗರು ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದರು. ಕೊನೆಗೆ ಉಸ್ತಾದರು ಚೀಲಗಳ ಹೊಲಿಗೆ ಬಿಚ್ಚಿ ಹತ್ತಿಯನ್ನು ದಿಂಬುಗಳಿಗೆ ತುಂಬಿಬಿಟ್ಟರು.

ಕೆಲವು ತಿಂಗಳ ಮೇಲೆ ಹೆಬ್ಬೂರಿನಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಆ ಮಂಟಪದ ಅಡುಗೆಯವರು ಪಕ್ಕದಲ್ಲಿ ಕೂತಿದ್ದರು. ನನ್ನ ಗುರುತು ಹಿಡಿದು, "ಆ ಸೀಸೆಗಳಾ? ನಮ್ ಫ್ರಿಜ್ಜಲ್ಲಿ ಮೊಸ್ರಿನ ಪಕ್ಕ ಮೂರು ವಾರ ಕೂತಿದ್ವು ಮಾರಾಯ. ಯಾರೂ ತಗೊಂಡೋಗಕ್ಕೇ ಬರ್ಲಿಲ್ಲ. ಮದ್ವೆ ಸೀಸನ್ನು ಬಂತು, ಮೋರಿಗೆ ಹುಯ್ದೆ" ಅಂದರು.

ನಾನು ಬಸ್ಸಿಳಿದವನೇ ನೇರ ಅಂಗಡಿಗೆ ಓಡಿದೆ. ಉಸ್ತಾದರು ಮಂಡಿಯೂರಿ ಯಾರದೋ ಮದುವೆಯ ಹಾಸಿಗೆ ಹೊಲಿಯುತ್ತಿದ್ದರು.

"ಟೆಸ್ಟೇ ಮಾಡ್ಸಿಲ್ಲ ಉಸ್ತಾದ್. ಬಾಯ್ಮುಚ್ಕೊಂಡಿದ್ದಿದ್ರೆ ನಾನಿವತ್ತು ಮುಂಬೈಲಿರ್ತಿದ್ದೆ. ನೀವು ಮೂಲೇಲಿ ನಿಂತಿರ್ತಿದ್ರಿ."

ಅವರು ಸೂಜಿ ಎಳೆದು, ದಾರವನ್ನು ಹಲ್ಲಿನಿಂದ ಕಡಿದರು.

"ಕುದ್ರೆಗೆ ಬಾಯಿಲ್ಲ, ಅದಕ್ಕೇ ಅದರ ಉಚ್ಚೆ ಕೇಳ್ತಾರೆ. ನಂಗೆ ಬಾಯೈತಲ್ಲೋ. ಈಗ ಆ ತುದಿ ಹಿಡ್ಕೋ, ಮಡಿಸ್ಬೇಕು."

ನನಗೂ ಬಾಯಿತ್ತು. ಹಾಸಿಗೆಯ ತುದಿ ಹಿಡಿದುಕೊಂಡೆನೇ ಹೊರತು ಅದನ್ನು ತೆರೆಯಲಿಲ್ಲ. ಆಮೇಲೆ ನಾಲ್ಕೈದು ವರ್ಷ ಅಲ್ಲಿಲ್ಲಿ ಆಡಿದೆ. ಮುಂಬಯಿ ಬರಲಿಲ್ಲ. ಪ್ರತಿ ಫಾರಮ್ಮಿನಲ್ಲೂ ಗಂಟಲಿಗೆ ಚೀಪಿದ ಪುದೀನಾ ಮಾತ್ರೆಯನ್ನೂ ಬಿಡದೆ ಬರೆದೆ. ರಂಜಾನ್ ಹಬ್ಬಕ್ಕೆ ಅವರ ಮನೆಗೆ ಹೋದಾಗೆಲ್ಲ ಹೇಳಬೇಕು ಅಂದುಕೊಂಡು, ಶೀರ್‌ಖುರ್ಮಾ ಕುಡಿದು ಹಾಗೇ ಬರುತ್ತಿದ್ದೆ.

ಅವರು ತೀರಿಕೊಳ್ಳುವುದಕ್ಕೆ ಮೂರು ದಿನ ಮುಂಚೆ ಬೆಳಗ್ಗೆ ಆಸ್ಪತ್ರೆಗೆ ಹೋಗಿದ್ದೆ. ಹೊದಿಕೆಯ ಕೆಳಗೆ ಆ ಕಾಲುಗಳು ಅಲ್ಲಾಡದೆ ಮಲಗಿದ್ದವು, ಅದನ್ನು ನೋಡಲಾಗಲಿಲ್ಲ. ನರ್ಸಮ್ಮ ಪರೀಕ್ಷೆಗೆ ಅಂತ ಸೀಸೆ ಇಟ್ಟು ಹೋಗಿ ಎರಡು ಸಲ ಬಂದು ನೋಡಿದ್ದರು, ಸೀಸೆ ಖಾಲಿಯೇ ಇತ್ತು.

"ಉಸ್ತಾದ್," ಅಂದೆ. "ಆವತ್ತು ನಂಗೆ ಗೊತ್ತಿತ್ತು. ಡಾಕ್ಟ್ರು ಮಧ್ಯಾಹ್ನವೇ ಓದಿ ಹೇಳಿದ್ರು. ಗೊತ್ತಿದ್ರೂನೂ 'ಯಾವ್ದೂ ಇಲ್ಲ' ಅಂತ ಬರ್ದೆ."

ಅವರು ಮುಖವನ್ನು ನನ್ನ ಕಡೆ ತಿರುಗಿಸಿದರು. ಸೀಳುತುಟಿ ಸ್ವಲ್ಪ ಅಲುಗಿತು.

"ನಿಂಗೆ ಗೊತ್ತಿತ್ತು ಅಂತ ನಂಗೆ ಆವತ್ತೇ ಗೊತ್ತಾಯ್ತು ಕಣ್ಲಾ. ನೆಲ ನೋಡ್ತಾ ನಿಂತಿದ್ಯಲ್ಲ." ಆಮೇಲೆ ಕಣ್ಣಿನಲ್ಲೇ ಸೀಸೆ ತೋರಿಸಿದರು. "ಹಾಕು."

ಸೀಸೆಯನ್ನು ಹೊದಿಕೆಯೊಳಗೆ ಹಿಡಿದು ತುಟಿ ಮುಂದೆ ಮಾಡಿದೆ. ನನ್ನ ತುಟಿಗೆ ಸೀಳಿಲ್ಲ. ಮೊದಲೆರಡು ಸಲ ಬರೀ ಗಾಳಿ ಬಂತು. ಮೂರನೆಯ ಸಲ ಹೇಗೋ ಆ ಸಣ್ಣ ಸದ್ದು ಹೊರಟಿತು, ಇಳಿದಿಳಿದು ಹೋಯಿತು. ಪಕ್ಕದ ಮಂಚದವರು ತಿರುಗಿ ನೋಡಿದರು. ಉಸ್ತಾದರು ಕಣ್ಣು ಮುಚ್ಚಿದರು, ಸೀಸೆಯಲ್ಲಿ ಸದ್ದಾಯಿತು.

ನರ್ಸಮ್ಮ ಬಂದು ಚೀಟಿ ಅಂಟಿಸಿ, "ಏನೇನ್ ಮಾತ್ರೆ ತಗೋತಿದೀರಾ ತಾತ?" ಅಂದರು.

ಉಸ್ತಾದರು ಕಣ್ಣು ತೆರೆಯದೆ ಕೈಯಿಂದ ನನ್ನ ಕಡೆ ತೋರಿಸಿದರು.

"ಅವ್ನು ಹೇಳ್ತಾನೆ, ಬರ್ಕಳವ್ವ."

ನೀರಿನ ಮಾತ್ರೆಯಿಂದ ಶುರುಮಾಡಿ, ಒಂದನ್ನೂ ಬಿಡದೆ ಹೇಳಿದೆ.