ನಾನು ಕೇಳದೆ ಬಿಟ್ಟ ಮೊದಲ ಪ್ರಶ್ನೆ

1996ರಲ್ಲಿ ನಾನು ಸೌತ್ ಕ್ಯಾರೊಲೈನಾದ ಗ್ರೀನ್‌ವಿಲ್ ಬಳಿಯ ಒಂದು ಸಣ್ಣ ಕಂಪನಿಯಲ್ಲಿ ಟೆಕ್ನಿಕಲ್ ಡೆಸ್ಕ್ ಎಂಜಿನಿಯರ್ ಆಗಿದ್ದೆ. ಹಾರಿಸಿದ ಪಿಸ್ತೂಲಿನ ತೋಟಾಗಳ ಖಾಲಿ ಕೇಸುಗಳಿಗೆ ಮನೆಯಲ್ಲೇ ಮತ್ತೆ ಮದ್ದು, ಗುಂಡು ತುಂಬಿಕೊಳ್ಳುವವರಿಗೆ ಬೇಕಾದ ರಿಲೋಡಿಂಗ್ ಪ್ರೆಸ್‌ಗಳನ್ನು ಕಂಪನಿ ಅಂಚೆಯ ಮೂಲಕ ಮಾರುತ್ತಿತ್ತು. ಯಾರಿಗೆ ಯಾವ ಪ್ರೆಸ್ ಸರಿ ಎಂದು ಫೋನಿನಲ್ಲಿ ಹೇಳುವುದು ನನ್ನ ಕೆಲಸ. ಕನ್ನಡದವರು ಕೇಳಿದರೆ ಮಾತ್ರ ‘ಮೆಷಿನ್ ಟೂಲ್ಸ್ ಕಂಪನಿ’ ಎನ್ನುತ್ತಿದ್ದೆ. ಅದು ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಪ್ರೆಸ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಸಿಂಗಲ್ ಸ್ಟೇಜ್‌ನಲ್ಲಿ ಲಿವರ್ ಒಮ್ಮೆ ಎಳೆದರೆ ಒಂದೇ ಕೆಲಸ. ಮದ್ದು ತುಂಬಿದ ಹಿತ್ತಾಳೆ ಕೇಸುಗಳನ್ನೆಲ್ಲ ಟ್ರೇಯಲ್ಲಿ ಸಾಲಾಗಿ ನಿಲ್ಲಿಸಿ, ಬೆಳಕಿನಲ್ಲಿ ಒಂದೊಂದರೊಳಗೂ ಇಣುಕಿ ನೋಡಿ, ಆಮೇಲೆ ಗುಂಡು ಕೂರಿಸಬಹುದು. ಪ್ರೊಗ್ರೆಸಿವ್‌ನಲ್ಲಿ ಕೇಸುಗಳು ತಟ್ಟೆಯ ಮೇಲೆ ಸುತ್ತುತ್ತಾ ಹೋಗಿ, ಪ್ರತಿ ಎಳೆತಕ್ಕೂ ಒಂದು ಸಿದ್ಧ ತೋಟಾ ಉದುರುತ್ತದೆ. ಕೆಲಸ ಬೇಗ. ಆದರೆ ನಡುವೆ ಲಿವರ್ ಸಿಕ್ಕಿಕೊಂಡು, ಕಲಿಯುವವರು ಗಾಬರಿಯಿಂದ ಹಿಂದೆ ಮುಂದೆ ಆಡಿಸಿದರೆ ಒಂದೇ ಕೇಸಿಗೆ ಎರಡು ಸಲ ಮದ್ದು ಬೀಳಬಹುದು; ಅಂಥ ತೋಟಾ ಹಾರಿಸಿದರೆ ಪಿಸ್ತೂಲೇ ಒಡೆಯಬಹುದು. ಅದಕ್ಕೇ ಸಲಹೆ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳ ಹಾಳೆಯೊಂದಿತ್ತು. ಅದನ್ನು ಬರೆದವಳು ನಾನೇ. ಮೊದಲ ಪ್ರಶ್ನೆ: ‘ತೋಟಾ ತುಂಬುವುದು ನಿಮಗೆ ಇದೇ ಮೊದಲ ಸಲವೇ?’

ಆ ಬೇಸಗೆಯಲ್ಲಿ ಕಾರಿನಲ್ಲಿ ಎರಡು ಗಂಟೆ ದೂರದ ನಾರ್‌ಕ್ರಾಸ್‌ನ ಕನ್ನಡಿಗರ ಮನೆಯೊಂದರಲ್ಲಿ, ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ ಊಟ. ಶ್ರೀಕಂಠ ಅಂಕಲ್ ನನ್ನನ್ನು ಕಿಟಕಿಯ ಬಳಿ ಹಿಡಿದು ನಿಲ್ಲಿಸಿದರು. ಮೈಸೂರಿನವರು, ಇಲ್ಲಿ ಲೇತ್ ಕೆಲಸದಲ್ಲಿ ನಿಪುಣರು. ಕಾಲೇಜಿನ ಎನ್‌ಸಿಸಿಯಲ್ಲಿ ಹತ್ತಿದ ಗುರಿ ಹೊಡೆಯುವ ಗೀಳು ಅವರನ್ನು ಬಿಟ್ಟಿರಲಿಲ್ಲ; ಭಾನುವಾರ ಶೂಟಿಂಗ್ ರೇಂಜಿಗೆ ಹೋಗುತ್ತಿದ್ದರು.

“ಏನಮ್ಮಾ, ರಿಲೋಡಿಂಗ್ ಪ್ರೆಸ್ ಕ್ಯಾಟಲಾಗ್ ತರಿಸ್ದೆ, ಒಳಗೆ ನಿನ್ ಹೆಸ್ರು! ಮೆಷಿನ್ ಟೂಲ್ಸ್ ಅಂದ್ಯಲ್ಲಾ ಕಳ್ಳಿ?”

“ಅಂಕಲ್, ಸ್ವಲ್ಪ ಮೆಲ್ಲಗೆ.”

“ಸರಿ, ಒಂದೇ ಮಾತಲ್ಲಿ ಹೇಳ್ಬಿಡು. ಸಿಂಗಲ್ ಸ್ಟೇಜಾ, ಪ್ರೊಗ್ರೆಸಿವ್ವಾ?”

ಅವರ ಹೆಂಡತಿ ವಿಮಲಾ ಆಂಟಿ ತಟ್ಟೆ ಹಿಡಿದು ನಮ್ಮ ಕಡೆಗೇ ಬರುತ್ತಿದ್ದರು. ಅವರ ಹಿಂದೆ ಇನ್ನೂ ಮೂವರು ಆಂಟಿಯರು.

“ಪ್ರೊಗ್ರೆಸಿವ್ವೇ ತಗೊಳ್ಳಿ, ಚೆನ್ನಾಗಿದೆ,” ಎಂದುಬಿಟ್ಟೆ.

“ಏನ್ರೀ, ಆ ಹುಡುಗಿ ತಲೆ ತಿಂತಿದೀರಾ? ಬಿಸಿಬೇಳೆ ಭಾತ್ ತಿನ್ಲಿ ಬಿಡಿ. ಏನಂತೆ ತಗೊಳ್ಳೋದು?”

“ಏನೋ ಟೂಲು, ಆಂಟಿ,” ಎಂದೆ ನಾನು.

ಆರು ವಾರಗಳ ನಂತರ ಒಂದು ಅಪಘಾತದ ವರದಿ ನನ್ನ ಮೇಜಿಗೆ ಬಂತು. ರೇಂಜಿನಲ್ಲಿ ಪಿಸ್ತೂಲು ಒಡೆದು ಗ್ರಾಹಕರ ಬಲಗೈಗೆ ಪೆಟ್ಟು. ಹೆಸರು ಓದಿದೆ: ಶ್ರೀಕಂಠ ಅಂಕಲ್‌ದು. ಫಾರಂನಲ್ಲಿ ‘ಯಾರ ಸಲಹೆಯಂತೆ ಕೊಂಡದ್ದು’ ಎಂಬ ಕಾಲಂ ಇತ್ತು. ನಿಯಮದಂತೆ ಅವರಿಗೆ ಫೋನ್ ಮಾಡಿದೆ.

“ಲಿವರ್ ಸಿಕ್ಕಾಕ್ಕೊಂಡ್ತು ಕಣಮ್ಮಾ. ವಾಪಸ್ ಎತ್ತಿ ಮತ್ತೆ ಎಳ್ದೆ. ನಂದೇ ತಪ್ಪು,” ಎಂದರು. ನಾನು ಕಾಲಂ ವಿಷಯ ಹೇಳಿದೆ. “ಕ್ಯಾಟಲಾಗ್ ನೋಡಿ ನಾನೇ ಆರಿಸ್ಕೊಂಡೆ ಅಂತ ಬರ್ಕೋ. ವೀಸಾ ಮೇಲಿರೋ ಹುಡುಗಿ ನೀನು, ನಿನಗ್ಯಾಕೆ ರಗಳೆ?”

ಹಾಗೆಯೇ ಬರೆದೆ. ನನಗೆ ಈಗಲೂ ಹೆಚ್ಚು ನಾಚಿಕೆ ತರುವುದು ಅದೇ.

ಮುಂದಿನ ಶನಿವಾರ ಅವರನ್ನು ನೋಡಲು ಡ್ರೈವ್ ಮಾಡಿಕೊಂಡು ಹೋದೆ. ಹೆಬ್ಬೆರಳಿನ ನರಕ್ಕೆ ಪೆಟ್ಟಾಗಿತ್ತು. ಸೂಕ್ಷ್ಮ ಅಳತೆಯ ಮೈಕ್ರೊಮೀಟರ್ ಹಿಡಿಯಲು ಆಗದಿದ್ದರೆ ಅವರಿಗೆ ಲೇತ್ ಕೆಲಸವಿಲ್ಲ. ನಾನು ಒಳಗೆ ಹೋದಾಗ ಆಂಟಿ ಅವರ ಅಂಗಿಯ ಗುಂಡಿ ಹಾಕುತ್ತಿದ್ದರು.

“ಯಾರೋ ತಲೆಕೆಟ್ಟೋನು ಹೇಳಿದ್ನಂತೆ, ಇವರು ತರಿಸಿದ್ರಂತೆ. ಅವನ್ಯಾರು ಅಂತ ಬಾಯಿ ಬಿಡಲ್ಲ ನೋಡು,” ಎಂದರು ಆಂಟಿ.

“ಬಿಡೇ, ಅವಳಿಗೆ ಕಾಫಿ ಕೊಡು,” ಎಂದು ಅಂಕಲ್ ಟೀವಿಯ ಕಡೆ ತಿರುಗಿದರು. ಟೀವಿ ಆರಿತ್ತು.

“ನಾನೇ ಹೇಳಿದ್ದು, ಆಂಟಿ.”

ಆಂಟಿ ಕೊನೆಯ ಗುಂಡಿ ಹಾಕಿ ಮುಗಿಸಿದರು. ಆಮೇಲೆ ಮೆಲ್ಲಗೆ, “ಏನೋ ಟೂಲು ಅಂದೆ ನೀನು,” ಎಂದರು. ಕಾಫಿ ಕೊಟ್ಟರು.

ಸೋಮವಾರ ಬಾಸ್ ಡೇಲ್ ಮುಂದೆ ಆ ಫಾರಂ ಇಟ್ಟು, ಆ ಕಾಲಂನಲ್ಲಿ ಬರೆದದ್ದನ್ನು ಹೊಡೆದುಹಾಕಿ ನನ್ನ ಹೆಸರು ಬರೆದೆ. ಅವರು ಕೇಳಿದ್ದು ಒಂದೇ: “ಪ್ರಶ್ನೆಗಳನ್ನು ಕೇಳಿದ್ದೆಯಾ?” ಇಲ್ಲ ಎಂದೆ. ಗೋಡೆಗೆ ಅಂಟಿಸಿದ್ದ ನನ್ನ ಹಾಳೆಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಕೆಲಸ ಹೋಗಲಿಲ್ಲ, ಮೂರು ತಿಂಗಳು ಫೋನಿನಿಂದ ದೂರವಿಟ್ಟರು. ಅಂಕಲ್ ಕೆಲಸಕ್ಕೆ ಮರಳಿದ್ದು ಮರುವರ್ಷ. ಮೈಕ್ರೊಮೀಟರನ್ನು ಈಗ ಎಡಗೈಯಲ್ಲಿ ಹಿಡಿಯುತ್ತಾರೆ.

ಯಾವ ಪ್ರೆಸ್ ಒಳ್ಳೆಯದು ಎಂಬುದಕ್ಕೆ ಉತ್ತರವಿಲ್ಲ, ಯಾರಿಗೆ ಎಂದು ಕೇಳಿದ ಮೇಲಷ್ಟೇ ಉತ್ತರ ಎಂದು ಈ ಕೆಲಸ ನನಗೆ ಕಲಿಸಿತು. ಅದು ನನಗೆ ಮೊದಲೇ ಗೊತ್ತಿತ್ತು, ಹಾಳೆಯಲ್ಲಿ ಬರೆದೂ ಇದ್ದೆ. ಈಗ ಪಾಟ್‌ಲಕ್‌ಗಳಲ್ಲಿ ಯಾರಾದರೂ ಕೆಲಸ ಏನೆಂದು ಕೇಳಿದರೆ ಇದ್ದದ್ದನ್ನೇ ಹೇಳುತ್ತೇನೆ. ಕೆಲವರು ಮುಖ ಬೇರೆ ಕಡೆ ತಿರುಗಿಸುತ್ತಾರೆ. ಅಂದು ಕಿಟಕಿಯ ಬಳಿ ಮೊದಲ ಪ್ರಶ್ನೆಯನ್ನು ಕೇಳಿದ್ದರೆ ಅಂಕಲ್ “ಹೂಂ ಕಣಮ್ಮಾ, ಮೊದಲ ಸಲ” ಎನ್ನುತ್ತಿದ್ದರು. ಆಂಟಿ ತಟ್ಟೆ ಹಿಡಿದು ನಮ್ಮ ಹತ್ತಿರ ಬರುವಷ್ಟು ಹೊತ್ತು ಅದಕ್ಕೆ ಸಾಕಾಗಿತ್ತು.